ಅತಿವಾಸ್ತು ಮೇಷ್ಟ್ರು

ನಮ್ಮ ಡ್ರಾಯಿಂಗ್ ಮೇಷ್ಟ್ರು ಯಾವುದನ್ನಾದರೂ ಎರಡೂ ಕಣ್ಣಿನಿಂದ ನೋಡಿದ್ದು ನನಗೆ ನೆನಪಿಲ್ಲ. ಬಲಗೈಯನ್ನು ನೀಳವಾಗಿ ಚಾಚಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಎಡಗಣ್ಣು ಮುಚ್ಚಿ, ಹೆಬ್ಬೆರಳನ್ನು ಪೆನ್ಸಿಲಿನ ಮೇಲೆ ಜಾರಿಸುತ್ತಾ ಅಳೆಯುವರು. ಹೂಜಿ, ಬದನೆಕಾಯಿ, ಧ್ವಜದ ಕಂಬ, ಸ್ಟಾಫ್ ರೂಮಿನ ಟೀ ಲೋಟ, ಎಲ್ಲಕ್ಕೂ ಅದೇ ಮರ್ಯಾದೆ. ಒಮ್ಮೆ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸಿನ ತಲೆಯ ಮೇಲಿದ್ದ ಮೂಟೆಯನ್ನು ಹೀಗೇ ಅಳೆಯಲು ಹೋಗಿ, "ತಲೆ ನೆರೆತ್ರೂ ಕಣ್ಣೊಡೆಯೋದು ಬುಟ್ಟಿಲ್ಲ ನೋಡು ಈ ಮುದಿಯ" ಎಂದು ಬೈಸಿಕೊಂಡರಂತೆ. ನಾನು ಅಲ್ಲಿರಲಿಲ್ಲ. ಆದರೆ ಈ ಕತೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಆ ಹೆಂಗಸಿನ ಸೀರೆಯ ಬಣ್ಣವೂ ನನಗೆ ಕಾಣುತ್ತದೆ. ನನ್ನ ನೆನಪನ್ನು ನಾನು ಪೂರ್ತಿ ನಂಬದಿರುವುದು ಇಂಥ ಕಾರಣಕ್ಕೇ.

ಕಳೆದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಮಾತಾಡಿದವರೆಲ್ಲ "ಸರಳ ಸಜ್ಜನ", "ಮಿತಭಾಷಿ" ಎಂದೆವು. ಮಿತಭಾಷಿ ಎಂದವಳು ನಾನು. ಅವರು ಮಿತಭಾಷಿಯೇನೂ ಅಲ್ಲ; ಬಾಯಲ್ಲಿ ಸದಾ ಒಂದು ಬ್ರಶ್ ಕಚ್ಚಿಕೊಂಡಿರುತ್ತಿದ್ದರು, ಅಷ್ಟೇ. ಬ್ರಶ್ ತೆಗೆದರೆ ಮಾತು ನಿಲ್ಲುತ್ತಿರಲಿಲ್ಲ. ಶಾಲು ಹೊದಿಸಿಕೊಂಡು ಕೂತು ನನ್ನ ಸುಳ್ಳನ್ನು ಅವರು ಒಂದೇ ಕಣ್ಣಲ್ಲಿ ಕೇಳಿಸಿಕೊಂಡರು. ಮನೆಗೆ ಬಂದ ಮೇಲೆ, ಅಲ್ಲಿ ಹೇಳಬೇಕಾಗಿದ್ದುದು ಬೇರೆಯೇ ಇತ್ತಲ್ಲ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಿಡಿಗೇಶಿ ದಾರಿಯಲ್ಲಿರುವ ಒಂದು ಹಳ್ಳಿಯ ಹೈಸ್ಕೂಲು. ನಾನು ಎಂ.ಎ. ಮುಗಿಸಿಕೊಂಡು ಕನ್ನಡ ಟೀಚರಾಗಿ ಅಲ್ಲಿಗೆ ಹೋದ ಹೊಸದರಲ್ಲಿ, ಡ್ರಾಯಿಂಗ್ ಪೀರಿಯಡ್ಡು ಅಂದರೆ ಉಳಿದ ಟೀಚರುಗಳ ಪಾಠ ಮುಗಿಸಲು ಸರ್ಕಾರ ಕೊಟ್ಟ ದಾನ ಎಂದೇ ಎಲ್ಲರೂ ತಿಳಿದಿದ್ದೆವು. "ಮೇಷ್ಟ್ರೇ, ಇವತ್ತು ನಿಮ್ಮ ಪೀರಿಯಡ್ ನಾನು ತಗೊಳ್ಳಲಾ?" ಅಂದರೆ, "ತಗೊಳ್ಳಿ ಮೇಡಂ, ಪರ್ವಾಲೇದು" ಎಂದು ಧಾರಾಳವಾಗಿ ಬಿಟ್ಟುಕೊಡುತ್ತಿದ್ದರು. ಅವರು ಪಾವಗಡ ಸೀಮೆಯ ಬಲಸಮುದ್ರದ ಕಡೆಯವರು. ಉತ್ಸಾಹ ಬಂದರೆ, ಸಿಟ್ಟು ಬಂದರೆ, ಅವರ ಕನ್ನಡದೊಳಗಿಂದ ತೆಲುಗು ಇಣುಕುತ್ತಿತ್ತು.

ಆಗೆಲ್ಲ ಅವರು ಮಕ್ಕಳಿಗೆ ಕಲಿಸುತ್ತಿದ್ದುದು ಒಂದು ಹೂಜಿ, ಎರಡು ಸೇಬು, ಹಿಂದೆ ಮಡಿಕೆ ಬಿದ್ದ ಪರದೆ. ಸೇಬು ತರುವುದು ಕಷ್ಟವಾಗಿ ಬದನೆಕಾಯಿ ಬಂತು. ನಿವೃತ್ತಿಗೆ ಇನ್ನು ಕೆಲವೇ ವರ್ಷ ಇದ್ದಾಗ ಅವರನ್ನು ಯಾವುದೋ ತರಬೇತಿಗೆ ಕಳಿಸಿದರು. ಹೋಗುವಾಗ ಗೊಣಗಿಕೊಂಡು ಹೋದವರು, ಬರುವಾಗ ಮದುಮಗನ ಹಾಗೆ ಬಂದರು. ಅಂಗಿಯ ತೋಳೆಲ್ಲ ಇದ್ದಿಲ ಮಸಿ.

"ಮೇಡಂ, ಸರ್ರಿಯಲಿಸಂ ಅಂದ್ರೆ ಕನ್ನಡದಾಗೆ ಏನಂತಾರೆ?"

"ಅತಿವಾಸ್ತವ ಅಂತಾರೆ ಸರ್. ವಾಸ್ತವವನ್ನು ಮೀರಿದ್ದು. ಕನಸಿನಂಥದ್ದು."

"ಅತಿವಾಸ್ತವ" ಎಂದು ಬಾಯಲ್ಲಿ ಹೊರಳಿಸಿ ನೋಡಿದರು. "ಬಾಗುಂದಿ. ನಮ್ಮೂರಿನ ಹೊಲದಾಗೆ ಕಡ್ಲೇಕಾಯಿ ಬದ್ಲು ಕನ್ನಡಿ ಬಿತ್ತವ್ರೆ, ಬಿಸ್ಲು ಕುಯ್ಕೊಂತಾರೆ. ಕುರಿಗಳು ಕನ್ನಡಿ ಕೆಳಗೆ ಮೇಯ್ತವೆ. ಇದ್ನ ಹತ್ತು ವರ್ಷದ ಹಿಂದೆ ಬರೆದಿದ್ರೆ ನಂಗೆ ಹುಚ್ಚು ಅಂತಿದ್ರು. ಈಗ ಸೋಲಾರ್ ಅಂತಾರೆ."

ಅವತ್ತಿನಿಂದ ಅವರು ಯಾರಿಗೂ ಪೀರಿಯಡ್ ಬಿಟ್ಟುಕೊಡಲಿಲ್ಲ.

ಮೊದಲ ಯುದ್ಧ ಎರಡು ಬೆಟ್ಟದ ಮೇಲೆ ನಡೆಯಿತು. ಮಕ್ಕಳಿಗೆ ಹಾಳೆ ಕೊಟ್ಟು ಏನಾದರೂ ಬರೆಯಿರಿ ಅಂದರೆ, ನಾಡಿನ ಎಲ್ಲ ಮಕ್ಕಳಂತೆ ಇವರೂ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ನದಿ ಬರೆದರು. ಮೇಷ್ಟ್ರು ಕಿಟಕಿಯಾಚೆ ಕೈ ತೋರಿಸಿದರು. "ಒರೇಯ್, ಇಲ್ಲಿ ಎರಡು ಬೆಟ್ಟ ಎಲ್ಲೈತ್ರಾ? ಇರೋದೊಂದೇ ಬಂಡೆ. ನದಿ ಎಲ್ಲಿಂದ ಬಂತು?"

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಒಂದೇ ಬೆಟ್ಟ ಬರುದ್ರೆ ಸೂರ್ಯನ್ನ ಎಲ್ಲಿ ಮಡಗಾದು ಸಾ?"

ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು, "ಅವ್ನು ಕೇಳಿದ್ದು ನ್ಯಾಯವಾಗೈತೆ ಮೇಡಂ" ಎಂದು ಮಧ್ಯಾಹ್ನವೆಲ್ಲ ಕೊರಗಿದರು.

ಅವರ ಪಾಠಕ್ಕೆ ಒಂದೇ ನಿಯಮ. ಮೊದಲು ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಉಣ್ಣೆಯ ಎಳೆ ಬಿಡದೆ, ಮೊಳೆಯ ತುಕ್ಕು ಬಿಡದೆ. ಆಮೇಲೆ ಚಿತ್ರದಲ್ಲಿ ಒಂದು ಸುಳ್ಳು ಹೇಳಬಹುದು. ಒಂದೇ ಒಂದು. ಒಂಬತ್ತನೇ ಕ್ಲಾಸಿನ ಭಾಗ್ಯ ಎಂಬ ಹುಡುಗಿ ಒಂದು ಕುರಿ ಬರೆದಳು. ಗೊರಸಿನ ಸಂದಿಯ ಮಣ್ಣೂ ಕಾಣುವಂಥ ಕುರಿ. ಅದರ ಹೊಟ್ಟೆಗೆ ಮಾತ್ರ ಬಸ್ಸಿನ ಕಿಟಕಿಗಳಿದ್ದವು, ಕಿಟಕಿಯಲ್ಲಿ ಜನ ಇದ್ದರು. ಮೇಷ್ಟ್ರು ಅದನ್ನು ಗೋಡೆಗೆ ಅಂಟಿಸಿದರು. ಅದನ್ನು ನೋಡಿ ಇನ್ನೊಬ್ಬ ಕುರಿಗೆ ರೆಕ್ಕೆಯನ್ನೂ ಮೀಸೆಯನ್ನೂ ಕನ್ನಡಕವನ್ನೂ ಇಟ್ಟು ತಂದ. "ಒಂದು ಸುಳ್ಳಾದ್ರೆ ಚಿತ್ರ ಕಣೋ. ಮೂರಾದ್ರೆ ಎಲೆಕ್ಷನ್ ಭಾಷಣ" ಎಂದು ವಾಪಸು ಕೊಟ್ಟರು.

ಉಜ್ಜು ಚಿತ್ರ ಎಂಬುದೊಂದಿತ್ತು. ಒರಟಾದ ವಸ್ತುವಿನ ಮೇಲೆ ಹಾಳೆ ಇಟ್ಟು ಇದ್ದಿಲಿನಿಂದ ಉಜ್ಜಿದರೆ ಅದರ ಮೈ ಹಾಳೆಗೆ ಬರುತ್ತದೆ. ಅದರಲ್ಲಿ ಏನು ಕಾಣುತ್ತದೋ ಅದನ್ನು ಹುಡುಕಿ ತಿದ್ದಬೇಕು. ಮಕ್ಕಳು ಬಂಡೆ ಉಜ್ಜಿದರು, ಹುಣಸೆ ಮರ ಉಜ್ಜಿದರು, ಒರಳು ಉಜ್ಜಿದರು. ಕೊನೆಗೆ ಮನೆಗೆ ಹೋಗುವ ಬಸ್ಸಿನೊಳಗೆ ಮಂಡಿಯೂರಿ ಅದರ ನೆಲವನ್ನೂ ಉಜ್ಜಿದರು. ಮರುದಿನ ಕಂಡಕ್ಟರು ಶಾಲೆಯ ಗೇಟಿಗೇ ಬಂದ. "ಮೇಷ್ಟ್ರೇ, ಟಿಕೇಟ್ ಕೊಡಾಕೆ ಕಾಲಿಡಾಕ್ ಜಾಗಿಲ್ಲ. ನನ್ ಬಸ್ಸನ್ನೇ ಪೇಪರ್‌ನಾಗೆ ಎತ್ಕೊಂಡೋಯ್ತಾ ಅವ್ರಲ್ಲ ನಿಮ್ ಹುಡುಗ್ರು!" ಮೇಷ್ಟ್ರು ಅವನಿಗೆ ಬೈಯಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಅವನ ಬಸ್ಸಿನ ನೆಲದಿಂದ ಎದ್ದುಬಂದ ಒಂದು ಮೊಸಳೆಯನ್ನು ತೋರಿಸಿದರು. ಅವನು ಬಹಳ ಹೊತ್ತು ನೋಡಿ, "ಇದು ನನ್ ಗಾಡೀಲಿತ್ತಾ?" ಎಂದು ಕೇಳಿ, ಆ ಹಾಳೆಯನ್ನು ತಾನೇ ಇಟ್ಟುಕೊಂಡು ಹೋದ.

ಈ ಅತಿವಾಸ್ತವವು ಅತಿವಾಸ್ತು ಆದದ್ದು ಆಗಸ್ಟ್ ಹದಿನೈದರಂದು. ನಮ್ಮ ಹೆಡ್‌ಮಾಸ್ಟರು ಮೈಕಿನಲ್ಲಿ, "ನಮ್ಮ ಶಾಲೆಯ ಚಿತ್ರಕಲಾ ಶಿಕ್ಷಕರು ಅತಿವಾಸ್ತವದಲ್ಲಿ ವಿಶೇಷ ತರಬೇತಿ ಪಡೆದು ಬಂದಿದ್ದಾರೆ" ಎಂದು ಘೋಷಿಸಿದರು. ಮೈಕು ಗೊರಗೊರ ಅಂದು ಪದದ ಬಾಲವನ್ನು ನುಂಗಿತು. ಊರಿನ ಕಿವಿಗೆ ಬಿದ್ದದ್ದು ಅತಿವಾಸ್ತು. ಬೇರೆ ಯಾರ ವಿಷಯದಲ್ಲಾದರೂ ಜನ ಅನುಮಾನ ಪಡುತ್ತಿದ್ದರೇನೋ. ಆದರೆ ಮನೆಗಳ ಮುಂದೆ ನಿಂತು ಒಂದು ಕಣ್ಣು ಮುಚ್ಚಿ, ಕೈ ಚಾಚಿ ಬಾಗಿಲಿನ ಅಳತೆ ತೆಗೆಯುವ ಮನುಷ್ಯ ವಾಸ್ತು ನೋಡುವವನಲ್ಲದೆ ಇನ್ನೇನು? ವಾಸ್ತು ಬಲ್ಲವರು ಊರೂರಿಗೂ ಇದ್ದಾರೆ. ಅತಿವಾಸ್ತು ಎಂದರೆ ಅದಕ್ಕೂ ಮೇಲಿನದು.

ಜನ ಬರತೊಡಗಿದರು. ಒಲೆ ಯಾವ ಮೂಲೆಗೆ, ಬೋರ್‌ವೆಲ್ ಎಲ್ಲಿ, ಮೆಟ್ಟಿಲು ಎಷ್ಟು. ಅವರು, "ನಂಗೆ ಅದೆಲ್ಲ ತಿಳೀದು ಕಣಪ್ಪ, ನಾನು ಡ್ರಾಯಿಂಗ್ ಮೇಷ್ಟ್ರು" ಅಂದಷ್ಟೂ, "ಎಷ್ಟು ವಿನಯ ನೋಡು" ಅಂದರು. ಅಜ್ಜಿಯೊಬ್ಬರು ಹಾಲು ತಂದುಕೊಟ್ಟು ಹೋದರು. ಆ ಹಾಲಿನಲ್ಲಿ ಟೀ ಮಾಡಿ ಕುಡಿಯುವುದು ಮೋಸವಾಗುತ್ತದೆಯೇ ಎಂದು ಮೇಷ್ಟ್ರು ನಮ್ಮನ್ನೆಲ್ಲ ಕೇಳಿದರು. ನಾವು ಕುಡಿದೆವು, ಅವರು ಕುಡಿಯಲಿಲ್ಲ. ಹಾಳೆಯ ಮೇಲೆ ಕುರಿಯ ಹೊಟ್ಟೆಯಲ್ಲಿ ಜನರನ್ನು ಕೂರಿಸುವ ಮನುಷ್ಯ, ಬಾಯಿಮಾತಿನಲ್ಲಿ ಒಂದು ಸಣ್ಣ ಸುಳ್ಳಿಗೂ ಬೆವರುತ್ತಿದ್ದರು.

ಹೀಗಿರುವಾಗ ಭಾಗ್ಯಳ ತಾಯಿ ರತ್ನಮ್ಮ ಬಂದಳು. ಶಾಲೆಯ ಎದುರಿಗೇ ಅವರ ಮನೆ. ಬೀದಿಗೆ ತೆರೆದ ತೆಂಕಲ ಬಾಗಿಲಿನಲ್ಲಿ ಒಂದು ಮೇಜು ಹಾಕಿ ಟೀ, ಬೋಂಡ, ಪೆನ್ನು, ಪೆನ್ಸಿಲ್ ಮಾರುತ್ತಿದ್ದಳು. ಗಂಡ ಕುರಿ ಹೊಡೆದುಕೊಂಡು ವರ್ಷದ ಅರ್ಧ ಭಾಗ ಊರ ಹೊರಗೆ. ಮನೆ ಗಂಡನ ಅಣ್ಣನ, ಅಂದರೆ ಅವಳ ಭಾವನ ಯಜಮಾನಿಕೆಯಲ್ಲಿತ್ತು. ಪಕ್ಕದ ಪಾಲಿನಲ್ಲಿ ಭಾವನ ವಾಸ. ಆ ವರ್ಷ ಮಂದೆಗೆ ರೋಗ ಬಂದು ಕುರಿಗಳು ಸತ್ತವು. ಪೇಟೆಯಿಂದ ಬಂದ ವಾಸ್ತುವಿನವನು ಮನೆ ಸುತ್ತಿ, ತೆಂಕಲ ಬಾಗಿಲು ಯಮನ ಬಾಯಿ, ಮುಚ್ಚಿ ಅಂದ. ಭಾವ ಜನರೆದುರು, "ಮುಚ್ಚಿಸ್ತೀನಿ" ಅಂದುಬಿಟ್ಟರು. ಮೂಡಲಿಗೆ ಭಾವನ ಪಾಲು, ಪಡುವಲಿಗೆ ಬೇರೆಯವರ ಗೋಡೆ. ಬಡಗಲಿಗೆ ಮನೆಗಿಂತ ಎತ್ತರದ ಬಂಡೆ; ಗೋಡೆಗೂ ಬಂಡೆಗೂ ನಡುವೆ ಮೂರು ಜನ ಒತ್ತಿಕೊಂಡು ನಿಲ್ಲುವಷ್ಟು ಅಗಲದ ಸಂದಿ. ತೆಂಕಲ ಬಾಗಿಲು ಹೋದರೆ ಅಡಿಗೆಮನೆಯ ಮಗ್ಗುಲಿನಿಂದ ಭಾವನ ಪಾಲಿನೊಳಗೆ ಹಾದು ಬರಬೇಕು. ಅಂಗಡಿಯಂತೂ ಇಲ್ಲ.

"ಸಾ, ತೆಂಕ್ಲ ಬಾಗ್ಲು ಇರ್ಬೌದು ಅಂತ ನೀವೊಂದು ಮಾತು ಏಳ್ಬುಡಿ. ನಿಮ್ ಮಾತು ತೆಗ್ಯಾಕಿಲ್ಲ ನಮ್ ಬಾವ."

"ನಂಗೆ ವಾಸ್ತು ಗೊತ್ತಿಲ್ಲ ಕಣಮ್ಮ."

"ವಾಸ್ತು ಬ್ಯಾಡ ಸಾ. ಅದ್ನ ಆ ಪ್ಯಾಟೆಯೋನು ಏಳವ್ನೆ. ನೀವು ಅತಿವಾಸ್ತು ಏಳಿ. ಐಕೋರ್ಟ್ ಇದ್ದಂಗೆ ಅಲ್ವಾ ಅದು?"

ಮೇಷ್ಟ್ರು ನನ್ನ ಕಡೆ ನೋಡಿದರು. ನಗು ಬಂತು ನನಗೆ. ರತ್ನಮ್ಮ ನಗಲಿಲ್ಲ. "ಮ್ಯಾಡಮ್ಮೋರೇ, ಅಂಗ್ಡಿ ಮುಚ್ಚಿದ್ರೆ ನಾನು ಮತ್ತೆ ಕೂಲಿಗೋಗ್ಬೇಕು. ಆ ಮೇಜು ಆಕಿದ್ಮೇಲೇನೇ ಜನ ನನ್ನ ಎಸ್ರಿಡ್ದು ಕೂಗೋದು. ಅದ್ಕೂ ಮುಂಚೆ 'ಲೇ, ಬಾರಮ್ಮಿ' ಅಂತಿದ್ರು" ಅಂದಳು. ನನ್ನ ನಗು ಅಲ್ಲೇ ನಿಂತಿತು.

ಅವಳು ಹೋದ ಮೇಲೆ, "ಒಂದು ಮಾತು ಹೇಳಿಬಿಡಿ ಸರ್, ನಿಮ್ಮದೇನು ಹೋಗುತ್ತೆ?" ಅಂದೆ.

"ನಾಳೆ ಇನ್ನೊಬ್ಬ ಬಂದು ಇದ್ದ ಬಾಗ್ಲು ಮುಚ್ಲಾ ಅಂತಾನೆ. ಅವನ್ಗೂ ಹೇಳ್ಬೇಕು. ಆಮೇಲೆ ನಾನು ಯಾರು?" ಎಂದು ಬ್ರಶ್ಶನ್ನು ಬಾಯಿಗಿಟ್ಟುಕೊಂಡರು. ಅಲ್ಲಿಗೆ ಮಾತು ಮುಗಿಯಿತು.

ಉಪಾಯ ಯಾರದು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. "ಬಾಯಲ್ಲಿ ಬ್ಯಾಡ ಸಾ, ಗೋಡೆ ಮ್ಯಾಲೆ ಒಂದು ಸುಳ್ಳು ಏಳಾನ" ಎಂದು ಭಾಗ್ಯ ಹೇಳಿದಳೆಂದು ನನ್ನ ನೆನಪು. ಮೇಷ್ಟ್ರೇ ಹೇಳಿದ್ದು ಎನ್ನುತ್ತಾಳೆ ಭಾಗ್ಯ. ಮೇಷ್ಟ್ರನ್ನು ಕೇಳಿದರೆ, "ನೀವೇ ಅಲ್ವಾ ಮೇಡಂ?" ಎನ್ನುತ್ತಾರೆ. ನಾನಂತೂ ಅಲ್ಲ ಎಂದು ಆಣೆ ಮಾಡುವಷ್ಟು ಧೈರ್ಯ ನನಗಿಲ್ಲ.

ಮೇಷ್ಟ್ರು ಭಾವನವರ ಜಗಲಿಗೆ ಹೋದಾಗ ನನ್ನನ್ನೂ ಸಾಕ್ಷಿಗೆಂದು ಕರೆದೊಯ್ದರು. ಹೆಗಲ ಮೇಲೆ ಕಂಬಳಿ, ನೆಟ್ಟನೆಯ ಬೆನ್ನು, ಕಡಿಮೆ ಮಾತಿನ ಮನುಷ್ಯ ಆತ. ಮಿತಭಾಷಿ ಎಂಬ ಮಾತು ಸಲ್ಲುವುದಿದ್ದರೆ ಅವರಿಗೆ.

"ನೀವೇನಾ ಅತಿವಾಸ್ತು ನೋಡೋರು?"

"ನಾನು ಡ್ರಾಯಿಂಗ್ ಮೇಷ್ಟ್ರು."

"ಅದು ಗೊತ್ತು ಬುಡಿ."

"ನಿಮ್ಮ ಮನೆಗೆ ಬಡಗ್ಲ ಬಾಗ್ಲಿದ್ರೆ ಒಳ್ಳೇದಾ?"

"ಒಳ್ಳೇದೇಯ. ಆದ್ರೆ ಬಂಡೆ ಐತಲ್ಲ."

"ಬಂಡೆ ಇದ್ರೂ ನಮ್ಮ ಮಕ್ಳು ಬಾಗ್ಲು ಇಡ್ತಾರೆ. ಬಣ್ಣದಾಗೆ. ಅದನ್ನ ತೆಗ್ಯಾಕ್ ಬರಲ್ಲ, ಮೊದ್ಲೇ ಹೇಳ್ತೀನಿ. ಒಳಗೆ ಹೋಗಾಕ್ ಬರಲ್ಲ."

ಭಾವ ಬೀದಿಯ ಕಡೆ ತಿರುಗಿ, "ಲಕ್ಸ್ಮಿ ಬರ್ಬೇಕು ಅಂದ್ರೆ ಅವಳ್ಗೇನು ಬಂಡೆ ಅಡ್ಡ?" ಅಂದರು. ತಮಗೇ ಹೇಳಿಕೊಂಡರೋ, ನಮಗೋ ಗೊತ್ತಾಗಲಿಲ್ಲ. ಆಮೇಲೆ ಸ್ವರ ಗಟ್ಟಿ ಮಾಡಿದರು: "ಭಾನುವಾರ ಬಂದು ನೋಡ್ತೀನಿ. ನನ್ ಕಣ್ಗೆ ಅದು ಬಾಗ್ಲು ಅನ್ನಿಸ್ಬೇಕು. ಇಲ್ದಿದ್ರೆ ಸೋಮವಾರ ತೆಂಕ್ಲದ್ನ ಮುಚ್ಚಾಕೆ ಗಾರೆಯೋನು ಬತ್ತಾನೆ. ಆಮ್ಯಾಕೆ ನನ್ನ ಕೇಳ್ಬ್ಯಾಡಿ."

ಬಣ್ಣಕ್ಕೆ ಮೇಷ್ಟ್ರು ಸಿರಾಕ್ಕೆ ಹೋದರು. ಅಂಗಡಿಯ ಸಾಬರು, "ಬಾಗಿಲಿಗಾ? ಯಾವ ಮರ ಮೇಷ್ಟ್ರೇ?" ಎಂದರಂತೆ. "ಗೋಡೆ" ಎಂದರಂತೆ ಇವರು. ಸಾಬರು ಹುಡುಗನಿಗೆ, "ಮೇಷ್ಟ್ರಿಗೆ ಕುರ್ಚಿ ಹಾಕು, ಬಿಸಿಲು ಜಾಸ್ತಿ ಆಗಿದೆ" ಎಂದರಂತೆ.

ಶನಿವಾರ ಮಧ್ಯಾಹ್ನ ಐದಾರು ಮಕ್ಕಳು ಆ ಸಂದಿಯಲ್ಲಿ ಸೇರಿದರು. ಮೇಷ್ಟ್ರು ತೆಂಕಲಿಗೆ ಹೋಗಿ ನಿಜವಾದ ಬಾಗಿಲನ್ನು ಒಂದು ಕಣ್ಣಿಂದ ಅಳೆಯುವರು, ಬಡಗಲಿಗೆ ಓಡಿಬಂದು ಗೋಡೆಯ ಮೇಲೆ ಗುರುತು ಹಾಕಿಸುವರು. ತಾವು ಬ್ರಶ್ ಮುಟ್ಟಲಿಲ್ಲ. ಹಲಗೆಯ ಗೆರೆಗೆರೆಯೂ ಬಂತು. ಚಿಲಕ ಬಂತು, ಚಿಲಕ ಉಜ್ಜಿ ಸವೆದ ಅರ್ಧಚಂದ್ರದ ಗೀರು ಬಂತು, ಹಳೇ ತೋರಣದ ಮೊಳೆ ಬಂತು, ಒಂದು ಮೊಳೆ ಬಗ್ಗಿತ್ತು. ಬಾಗಿಲು ತೆರೆದಿರಬೇಕೋ ಮುಚ್ಚಿರಬೇಕೋ ಎಂದು ಮಕ್ಕಳಲ್ಲಿ ಜಗಳ ಹತ್ತಿತು. ಅರ್ಧ ತೆರೆದು ಒಳಗೆ ಕತ್ತಲೆ ಕಂಡರೆ ಚೆಂದ ಎಂದು ಮೇಷ್ಟ್ರಿಗೆ ಆಸೆ. ಕನಸಿನ ಬಾಗಿಲು ಎಂದರೆ ಹಾಗೇ ಇರಬೇಕಂತೆ. ಟೀ ತಂದ ರತ್ನಮ್ಮ ಅದನ್ನು ಕೇಳಿ ಗಾಬರಿಯಾದಳು.

"ಮುಚ್ಚೇ ಇರ್ಲಿ ಸಾ. ತೆಗ್ದಿದ್ರೆ ನಾಯಿ ಬತ್ತವೆ."

ಮೇಷ್ಟ್ರು ಒಪ್ಪಿದರು. ಅತಿವಾಸ್ತವವನ್ನು ತಮಗಿಂತ ಚೆನ್ನಾಗಿ ತಿಳಿದವರು ಸಿಕ್ಕರು ಎಂಬ ಹೊಟ್ಟೆಕಿಚ್ಚು ಅವರ ಮುಖದಲ್ಲಿ ಇಣುಕಿತು ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೋ ಇಲ್ಲವೋ.

ಭಾನುವಾರ ಭಾವ ಬಂದರು. ಬರೆದ ಬಾಗಿಲಿನ ಮುಂದೆ ಅವರೊಬ್ಬರೇ ನಿಂತರು. ನಾವು ಬಂಡೆಯ ಬದಿಗೆ ಒತ್ತಿಕೊಂಡು ನಿಂತೆವು. ಅದನ್ನು ಮೇಲಿನಿಂದ ನೋಡುತ್ತಾ ಬಂದರು. ಚಿಲಕದ ಹತ್ತಿರ ಕೈ ಒಯ್ದು, ಮುಟ್ಟದೆ ಹಿಂದೆಗೆದರು. ಬಗ್ಗಿದ ಮೊಳೆ ನೋಡಿ, "ಇದ್ನ ನಮ್ಮಪ್ಪ ಒಡ್ದಿದ್ದು, ತೆಂಕ್ಲ ಬಾಗ್ಲಲ್ಲಿ" ಅಂದರು. ಮೇಷ್ಟ್ರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಭಾವನ ಕಣ್ಣು ಕೆಳಕ್ಕಿಳಿಯಿತು.

"ಒಸ್ಲು ಎಲ್ಲಿ?"

ನಾವೆಲ್ಲ ಬಗ್ಗಿ ನೋಡಿದೆವು. ಹಲಗೆ, ಚೌಕಟ್ಟು, ಮೊಳೆ, ಗೀರು, ಎಲ್ಲವೂ ಇತ್ತು. ಹೊಸ್ತಿಲೇ ಇರಲಿಲ್ಲ. ಬಾಗಿಲಿನ ಬುಡ ನೇರವಾಗಿ ನೆಲಕ್ಕೆ ಮುಗಿದಿತ್ತು. ತೆಂಕಲ ಬಾಗಿಲಿನ ಹೊಸ್ತಿಲಿಗೆ ಅಡ್ಡವಾಗಿ ಅಂಗಡಿಯ ಮೇಜು ಇದ್ದುದರಿಂದ ಅಳೆಯುವಾಗ ಅದು ಮೇಷ್ಟ್ರ ಕಣ್ಣಿಗೆ ಬಿದ್ದಿರಲಿಲ್ಲ.

"ಒಸ್ಲಿಲ್ದೇ ಇದ್ರೆ ಅದೆಂಗ್ಲಾ ಬಾಗ್ಲಾಯ್ತದೆ? ಅದು ಅಲ್ಗೆ" ಅಂದರು ಭಾವ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸೋತವರ ಹಾಗೆ ಅಂದರು. ಅವರಿಗೂ ಅದು ಬಾಗಿಲೇ ಆಗಬೇಕಾಗಿತ್ತು ಎಂದು ನನಗೆ ಹೊಳೆದದ್ದು ಆಗ.

ಮೇಷ್ಟ್ರು ನೆಲದ ಮೇಲೆ ಕೂತುಬಿಟ್ಟರು. ಬಿಳೀ ಪ್ಯಾಂಟು, ಕೆಸರು. ಬ್ರಶ್ ಕೈಗೆ ತೆಗೆದುಕೊಂಡದ್ದು ಭಾಗ್ಯ. "ದೊಡ್ಡಪ್ಪ, ವಸಿ ನಿಂತ್ಕೊ" ಅಂದಳು. ಅಡ್ಡಕ್ಕೊಂದು ದಪ್ಪ ಮರ ಬರೆದಳು. ನಡುವೆ, ತಲೆಮಾರುಗಳು ತುಳಿದ ಹಾಗೆ, ಸ್ವಲ್ಪ ತಗ್ಗಿಸಿದಳು. ಬಣ್ಣ ಒಣಗುವವರೆಗೆ ಯಾರೂ ಕದಲಲಿಲ್ಲ. ಭಾವ ರತ್ನಮ್ಮನ ಕಡೆ ತಿರುಗಿ, "ನೋಡ್ತಾ ನಿಂತಿದ್ದೀಯಲ್ಲಮ್ಮ. ಅರಿಶ್ನ ತತ್ತಾ" ಅಂದರು.

ರತ್ನಮ್ಮ ಆ ಹೊಸ್ತಿಲಿಗೆ ಅರಿಸಿನ ಬಳಿದಳು, ಕುಂಕುಮ ಇಟ್ಟಳು, ಕೆಳಗೆ ಎರಡೆಳೆ ರಂಗೋಲಿ ಎಳೆದಳು. ಭಾವ ಕೈ ಮುಗಿದರು. "ಇನ್ಮ್ಯಾಕೆ ಈ ಮನೆ ಬಾಗ್ಲು ಇದು" ಅಂದರು.

"ಅತ್ಲಾಗಿಂದು ಬಾವ?" ರತ್ನಮ್ಮನ ಧ್ವನಿ ಸಣ್ಣಗಿತ್ತು.

"ಅತ್ಲಾಗಿಂದು ಕಿಟ್ಕಿ. ಕಿಟ್ಕಿ ಯಾವ ಕಡೀಕಾರ ಇರ್ಲಿ. ಟೀ ಕಾಯ್ಸೋಗು."

ಅವರು ಅದನ್ನು ನಂಬಿದರೋ, ಜನರೆದುರು ಆಡಿದ ಮಾತಿನಿಂದ ಇಳಿಯಲು ಒಂದು ಮೆಟ್ಟಿಲು ಹುಡುಕುತ್ತಿದ್ದರೋ, ನನಗೆ ತಿಳಿಯದು. ಅವತ್ತಿನ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: "ಬಾಗಿಲು ಮುಗಿಯಿತು. ಟೀ ಚೆನ್ನಾಗಿತ್ತು." ಹಾಗಾಗಿ ಮುಂದಿನದಕ್ಕೆ ನನ್ನ ಕಣ್ಣಿನ ಹೊರತು ಬೇರೆ ಆಧಾರವಿಲ್ಲ.

ನಾವೆಲ್ಲ ಸಂದಿಯಿಂದ ಹೊರಟು ಮನೆಯನ್ನು ಬಳಸಿಕೊಂಡು ತೆಂಕಲಿಗೆ ಬಂದೆವು. ಮೇಜು ಪಕ್ಕಕ್ಕೆ ಸರಿದಿತ್ತು. ಭಾವ ಬಾಗಿಲಿನ ಮುಂದೆ ಒಂದು ಕ್ಷಣ ನಿಂತರು. ಪಂಚೆಯನ್ನು ಮೇಲಕ್ಕೆತ್ತಿ ಕಟ್ಟಿದರು. ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದು, ಇಲ್ಲದ ಕಿಟಕಿಗೋಡೆಯನ್ನು ದಾಟುವವರ ಹಾಗೆ ಬಲಗಾಲನ್ನು ಮಂಡಿಯೆತ್ತರಕ್ಕೆ ಎತ್ತಿ, ಬಹಳ ಗಂಭೀರವಾಗಿ ಒಳಕ್ಕಿಟ್ಟರು. ಆಮೇಲೆ ಎಡಗಾಲು.

ಅವರ ಹಿಂದೆ ಮೇಷ್ಟ್ರು ಬಂದರು. ಅಕ್ಕಪಕ್ಕ ನೋಡಲಿಲ್ಲ. ಕೆಸರಾದ ಪ್ಯಾಂಟನ್ನು ಎಳೆದುಕೊಂಡು ಅವರೂ ಕಾಲೆತ್ತಿದರು. ಒಳಗಿನಿಂದ ರತ್ನಮ್ಮ ಕೂಗಿದಳು:

"ಜ್ವಾಪಾನ ಸಾ. ಕಿಟ್ಕಿ ವಸಿ ಎತ್ರ ಐತೆ."